ಮೂರೇ ದಿನಕ್ಕೆ ಇಳಿದ ನೋವು

ಅಚ್ಚುಮನೆಯಲ್ಲಿ ಅವಳನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖಕ್ಕೇ. ಅವಳಿಗೆ ಅದರಿಂದ ಬೇಸರವೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಮಾಡುತ್ತ ಬಂದದ್ದು ಒಂದೇ ಕೆಲಸ: ಸೀಸೆ, ಡಬ್ಬಿ, ಪೊಟ್ಟಣಗಳಿಗೆ ಅಂಟಿಸುವ ಲೇಬಲ್ಲುಗಳ ಕರಡು ತಿದ್ದುವುದು. ಕಿಟಕಿಯ ಪಕ್ಕದಲ್ಲಿ ಕೆಳಗಿನಿಂದ ಬೆಳಕು ಹಾಯುವ ಗಾಜಿನ ಮೇಜು, ಮೇಜಿನ ಮೇಲೆ ಹಾಳೆ, ಹಾಳೆಯ ಮೇಲೆ ಅವಳ ಮೂಗು. ಒಮ್ಮೆ ನೆಲ ಒರೆಸುವ ದ್ರಾವಣದ ಲೇಬಲ್ಲಿನಲ್ಲಿ ‘ಕುಡಿಯಬಾರದು’ ಎಂದಿರಬೇಕಾದ ಕಡೆ ‘ಕುಡಿಯಬಹುದು’ ಎಂದಾಗಿತ್ತು. ನಲವತ್ತು ಸಾವಿರ ಹಾಳೆ ಯಂತ್ರದ ಬಾಯಿಗೆ ಹೋಗುವ ಮೊದಲು ಅದು ಬಿದ್ದದ್ದು ಅವಳೊಬ್ಬಳ ಕಣ್ಣಿಗೆ. ಅವತ್ತಿನಿಂದ ಅವಳ ಸಹಿ ಇಲ್ಲದೆ ಮಾಲೀಕರು ಯಾವ ಹಾಳೆಯನ್ನೂ ಅಚ್ಚಿಗೆ ಬಿಡುತ್ತಿರಲಿಲ್ಲ.

ಈ ಕಣ್ಣು ಸಂಜೆ ಅವಳ ಜೊತೆ ಮನೆಗೂ ಬರುತ್ತಿತ್ತು. ತರಕಾರಿಯವನ ತಕ್ಕಡಿ, ವಿದ್ಯುತ್ ಬಿಲ್ಲು, ಪಕ್ಕದ ಮನೆಯವರ ನಗು, ಯಾವುದನ್ನೂ ಅವಳು ಒಂದೇ ಸಲ ನೋಡಿ ಬಿಟ್ಟವಳಲ್ಲ. ಅವಳ ಜೊತೆ ಬಾಳುವುದು ದಿನಾ ಪರೀಕ್ಷೆ ಬರೆದ ಹಾಗೆ ಎಂದು ಅಕ್ಕ ನಗುತ್ತಿದ್ದಳು.

ಅಕ್ಕ ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಭೂತಗನ್ನಡಿಗೆ ಏಳು ವರ್ಷ. ಆಮೇಲೆ ಅವಳ ಜಡೆ ಹೆಣೆದವಳು, ಪಾಠ ಒಪ್ಪಿಸಿಕೊಂಡವಳು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವಳು ಈ ಅಕ್ಕನೇ. ಭಾವ ತೀರಿಹೋದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದರು. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಬಿಳಿ ಬಟ್ಟೆಯ ಸುರುಳಿಗಳು. ಆಸ್ಪತ್ರೆಗಳ ದಾದಿಯರಿಗೆ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಮೂವತ್ತು ವರ್ಷ ಪೆಡಲು ತುಳಿದ ಕಾಲುಗಳು ಎರಡು ವರ್ಷದಿಂದ ಮುಷ್ಕರ ಹೂಡಿದ್ದವು. ಬೆಳಿಗ್ಗೆ ಎದ್ದರೆ ಬೆರಳುಗಳು ಊದಿ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ಹೊಟ್ಟೆ ಉರಿಸಿತು. ಹೇಳಿಕೊಟ್ಟ ವ್ಯಾಯಾಮ ಮಾಡಲು ಅಕ್ಕನಿಗೆ ಪುರುಸೊತ್ತಿಲ್ಲ. ಮಹಡಿಯ ಮೆಟ್ಟಿಲು ಹತ್ತುವಾಗ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ತಂಗಿಯ ಕೈ ಹಿಡಿದು, ಪ್ರತಿ ಮೆಟ್ಟಿಲಿಗೂ ಒಂದು ಉಸಿರು ಬಿಟ್ಟು ಹತ್ತುತ್ತಿದ್ದಳು.

ಹೀಗಿರುವಾಗ ಡ್ರಿಲ್ ಮೇಷ್ಟ್ರು ಬಂದರು. ರಸ್ತೆಯ ಕೊನೆಯ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಟ್ಟು ನಿವೃತ್ತರಾದವರು. ಪ್ಯಾಂಟಿನ ಸೊಂಟ ಬಿಗಿಯಾಗಿದೆ, ಸಡಿಲಿಸಿಕೊಡಿ ಎಂದು ಬಂದವರು ಅಕ್ಕ ಕುರ್ಚಿಯಿಂದ ಏಳುವ ಪಾಡು ನೋಡಿ, ಮರುದಿನ ಒಂದು ಸೀಸೆ ತಂದುಕೊಟ್ಟರು. ಹಸಿರು ಲೇಬಲ್, ಎಲೆಯ ಚಿತ್ರ, ಒಳಗೆ ಅರವತ್ತು ಕ್ಯಾಪ್ಸೂಲ್. ಬರೀ ಗಿಡಮೂಲಿಕೆ, ಔಷಧಿಯೇ ಅಲ್ಲ, ಆಹಾರ ಪೂರಕ ಅಷ್ಟೇ, ನಾನೇ ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ ಎಂದರು.

ಸಂಜೆ ಭೂತಗನ್ನಡಿ ಸೀಸೆಯನ್ನು ಕೈಗೆತ್ತಿಕೊಂಡಳು. ಲೇಬಲ್ ಅವಳಿಗೆ ಹೊಸದಲ್ಲ. ತಮ್ಮ ಅಚ್ಚುಮನೆಯಲ್ಲೇ ಆದದ್ದು. ‘ನೂರಕ್ಕೆ ನೂರು ನೈಸರ್ಗಿಕ’ ಎಂಬಲ್ಲಿ ದೀರ್ಘ ತಪ್ಪಿದ್ದನ್ನು ತಿದ್ದಿದವಳು ಅವಳೇ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ಯಾವ ರೋಗವನ್ನೂ ಗುಣಪಡಿಸಲು ಉದ್ದೇಶಿಸಿದ್ದಲ್ಲ ಎಂದಿತ್ತು. ಸತತ ತೊಂಬತ್ತು ದಿನ ಸೇವಿಸಿದರೆ ಕೀಲುಗಳಿಗೆ ಹಿತ ಎಂದೂ ಇತ್ತು. ಇಂಥವು ತಿಂಗಳಿಗೆ ಹತ್ತು ಬರುತ್ತವೆ. ಒಳ್ಳೆಯದೂ ಆಗುವುದಿಲ್ಲ, ಕೆಟ್ಟದ್ದೂ ಆಗುವುದಿಲ್ಲ, ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ ಎಂದುಕೊಂಡು ಸುಮ್ಮನಾದಳು.

ಮೂರನೆಯ ದಿನ ಅಕ್ಕ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದಳು.

ಕೈಯಲ್ಲಿ ಒಗೆದ ಬಟ್ಟೆಯ ಬುಟ್ಟಿ, ಬಾಯಲ್ಲಿ ಯಾವುದೋ ಹಾಡಿನ ಗುನುಗು. ಕೆಳಗೆ ನಿಂತು ನೋಡಿದ ಭೂತಗನ್ನಡಿಗೆ ಮೊದಲು ಸಂತೋಷವಾಯಿತು, ಅದು ನಿಜ. ಸಂತೋಷದ ಬೆನ್ನಿಗೇ ಅನುಮಾನದ ಹುಳು ತಲೆ ಎತ್ತಿತು. ತೊಂಬತ್ತು ದಿನ ಎಂದು ಬರೆದದ್ದು ಮೂರು ದಿನಕ್ಕೆ ಹೇಗೆ? ಹೇಳಿಕೊಂಡದ್ದರ ಅರ್ಧದಷ್ಟೂ ಕೆಲಸ ಮಾಡದ ನೂರಾರು ವಸ್ತುಗಳ ಲೇಬಲ್ಲು ಅವಳ ಕೈಯಲ್ಲಿ ಹಾದು ಹೋಗಿದ್ದವು. ತನ್ನ ಲೇಬಲ್ಲಿಗಿಂತ ಚುರುಕಾದ ವಸ್ತುವನ್ನು ಅವಳು ನೋಡಿದ್ದು ಇದೇ ಮೊದಲು.

ತಿಂಗಳುಗಳು ಕಳೆದವು. ಅಕ್ಕ ದಿನಕ್ಕೆ ಎರಡರಂತೆ ನುಂಗಿದಳು, ಸೀಸೆ ಮುಗಿದರೆ ಮೇಷ್ಟ್ರು ಇನ್ನೊಂದು ತಂದರು. ಅಕ್ಕನ ಹಸಿವು ಹೆಚ್ಚಿತು. ಒಂದು ತುಂಡು ಬ್ರೆಡ್ಡಿಗೆ ಸಾಕೆನ್ನುತ್ತಿದ್ದವಳು ಈಗ ನಾಲ್ಕು ತಿಂದು ಐದನೆಯದರ ಕಡೆ ನೋಡುತ್ತಿದ್ದಳು. ಮುಖ ದುಂಡಗಾಯಿತು, ಕೆನ್ನೆಗೆ ಕೆಂಪೇರಿತು. ಹತ್ತು ವರ್ಷ ಚಿಕ್ಕವಳಾಗಿ ಕಾಣುತ್ತೀಯ ಎಂದು ಅಳತೆ ಕೊಡಲು ಬಂದ ದಾದಿಯರು ಹೊಗಳಿದರು. ಆದರೆ ಮೇಜಿನ ಅಂಚು ಸ್ವಲ್ಪ ತಾಗಿದರೂ ಮುಂಗೈಯಲ್ಲಿ ನೇರಳೆ ಕಲೆ ಏಳುತ್ತಿತ್ತು. ತೋಳು ಸಣ್ಣಗಾಗಿ ಹೊಟ್ಟೆ ಮುಂದೆ ಬಂದಿತ್ತು. ಭೂತಗನ್ನಡಿ ಅದನ್ನೆಲ್ಲ ನೋಡಿದಳು, ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಅವಳ ಅನುಮಾನ ಮೊದಲು ಹತ್ತಿದ್ದು ಮೇಷ್ಟ್ರ ಬೆನ್ನಿಗೆ. ವಾರಕ್ಕೆರಡು ಸಲ ಬರುವುದೇಕೆ? ಬಂದರೆ ಗುಂಡಿ ಹಾಕಿಸಲೋ, ಅಂಚು ಮಡಚಿಸಲೋ ಒಂದು ನೆಪ. ಮನುಷ್ಯ ಒಂಟಿ, ಅಕ್ಕನೂ ಒಂಟಿ, ಮನೆ ಅಕ್ಕನ ಹೆಸರಲ್ಲಿ. ಒಂದು ದಿನ ಚಹಾ ಕೊಡುತ್ತ, ಈ ಕ್ಯಾಪ್ಸೂಲು ಎಲ್ಲಿಂದ ತರುತ್ತೀರಿ, ತಯಾರಿಸುವವರನ್ನು ಕಂಡಿದ್ದೀರಾ ಎಂದು ಕೇಳಿದಳು. ಒಬ್ಬ ಏಜೆಂಟು ಪೆಟ್ಟಿಗೆಗಟ್ಟಲೆ ಮನೆಗೇ ತಂದುಕೊಡುತ್ತಾನೆ, ನೋವಿದ್ದವರಿಗೆಲ್ಲ ನಾನು ಹಂಚುವುದು ಅದನ್ನೇ ಎಂದರು ಮೇಷ್ಟ್ರು. ಅವಳ ದನಿಯಲ್ಲಿದ್ದ ಮುಳ್ಳು ಅವರಿಗೆ ತಾಗಿತ್ತು. ಜೇಬಿನಿಂದ ತಮ್ಮದೇ ಒಂದನ್ನು ತೆಗೆದು ಅವಳ ಎದುರಿಗೇ ಬಾಯಿಗೆ ಹಾಕಿಕೊಂಡು ಚಹಾ ಕುಡಿದರು. ಅಕ್ಕ ನಕ್ಕಳು. ಭೂತಗನ್ನಡಿ ನಗಲಿಲ್ಲ. ಅವರ ಮುಖವೂ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗಿದೆ ಎಂದು ಗಮನಿಸಿದಳು, ಪರರ ದುಡ್ಡಲ್ಲಿ ಬೆಳೆದ ಮುಖ ಎಂದು ಅದಕ್ಕೆ ತನ್ನದೇ ಅರ್ಥ ಕೊಟ್ಟುಕೊಂಡಳು.

ಮರುದಿನ ಅಚ್ಚುಮನೆಯಲ್ಲಿ ಹಳೆಯ ಕಡತಗಳ ಕಪಾಟು ತೆರೆದಳು. ಹಸಿರು ಲೇಬಲ್ ಎರಡೂವರೆ ವರ್ಷದಲ್ಲಿ ಮೂರು ಸಲ ಅಚ್ಚಾಗಿತ್ತು. ಮೂರು ಸಲವೂ ತಯಾರಕರ ವಿಳಾಸ ಬೇರೆ. ಪರವಾನಗಿ ಸಂಖ್ಯೆ ಮಾತ್ರ ಒಂದೇ, ಮತ್ತು ಆ ಸಂಖ್ಯೆಯನ್ನು ಅವಳು ಬೇರೆಲ್ಲೋ ನೋಡಿದ್ದಳು. ಊಟದ ಬಿಡುವು ಪೂರ್ತಿ ಹುಡುಕಿದ ಮೇಲೆ ಸಿಕ್ಕಿತು. ಕಿತ್ತಳೆ ಶರಬತ್ತು ತಯಾರಿಸುವ ಹಳೆಯ ಗಿರಾಕಿಯೊಬ್ಬರ ಸೀಸೆಯ ಮೇಲೆ ಅದೇ ಹದಿನಾಲ್ಕು ಅಂಕಿ, ಒಂದೂ ಹೆಚ್ಚುಕಡಿಮೆ ಇಲ್ಲ.

ಎರಡೂ ಹಾಳೆಗಳನ್ನು ಮಾಲೀಕರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ಅವಳನ್ನು ನೋಡಿದರು.

“ನಾವು ಅಚ್ಚು ಹಾಕೋರು, ನುಂಗೋರಲ್ಲ. ಅವರು ಬರೆದುಕೊಟ್ಟಿದ್ದು ಸರಿಯಾಗಿ ಬಿತ್ತಾ, ಅಷ್ಟು ನೋಡು.”

ಶನಿವಾರ ಅವಳು ಕೊನೆಯ ವಿಳಾಸ ಹುಡುಕಿಕೊಂಡು ಹೊರಟಳು. ಎರಡು ಬಸ್ಸು ಬದಲಿಸಿ, ಟೈರು ಅಂಗಡಿಗಳ ಒಂದು ರಸ್ತೆಗೆ ಬಂದಳು. ಲೇಬಲ್ಲಿನಲ್ಲಿದ್ದದ್ದು ಮೂವತ್ತೊಂದನೆಯ ನಂಬರು. ರಸ್ತೆ ಹತ್ತೊಂಬತ್ತಕ್ಕೇ ಮುಗಿದಿತ್ತು. ಆಚೆ ಒಂದು ಚರಂಡಿ, ಚರಂಡಿಯಾಚೆ ರೈಲು ಹಳಿ. ಪಂಕ್ಚರು ಹಾಕುತ್ತಿದ್ದವನನ್ನು ಕೇಳಿದರೆ, ಹೀಗೆ ಕೇಳಿಕೊಂಡು ಬಂದವರಲ್ಲಿ ನೀವು ಮೂರನೆಯವರು ಎಂದ.

ಮನೆಗೆ ಬಂದವಳೇ ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಯಂತ್ರ ನಿಲ್ಲಿಸದೆ ಕೇಳಿಸಿಕೊಂಡಳು. ನಂಬರು ತಪ್ಪಿರಬಹುದು, ವಿಳಾಸ ಬದಲಾಗಿರಬಹುದು, ತನ್ನ ಮೊಣಕಾಲಿಗೆ ನಂಬರು ಓದಲು ಬರುವುದಿಲ್ಲ ಎಂದಳು. ಭೂತಗನ್ನಡಿ ಬಿಡಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದಳು, ಮೇಷ್ಟ್ರ ಬಗ್ಗೆ ಆಡಬಾರದ ಒಂದು ಮಾತನ್ನೂ ಆಡಿದಳು. ಆಗ ಯಂತ್ರ ನಿಂತಿತು.

“ನಾನು ಕುಂಟುತ್ತಾ ಇದ್ದಾಗ ನಿನಗೆ ಸಮಾಧಾನ ಇತ್ತು,” ಎಂದಳು ಅಕ್ಕ. “ನಿನ್ನ ಕೈ ಹಿಡ್ಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಈಗ ನಾನೇ ಹತ್ತುತ್ತೀನಿ. ಅದು ನಿನಗೆ ಆಗ್ತಾ ಇಲ್ಲ.”

ಆ ಮಾತು ಅವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕೂತಿತು. ಅದರಲ್ಲಿ ಒಂದೆಳೆ ಸತ್ಯ ಇರಬಹುದೇ ಎಂಬ ಅನುಮಾನವೂ ಬಂತು. ತನ್ನ ಮೇಲೇ ಬಂದ ಅನುಮಾನವನ್ನು ಸಹಿಸುವ ಅಭ್ಯಾಸ ಅವಳಿಗಿರಲಿಲ್ಲ. ಅಕ್ಕ ಕಾಗದ ನಂಬುವುದಿಲ್ಲ, ಮೊಣಕಾಲು ನಂಬುತ್ತಾಳೆ. ಹಾಗಿದ್ದರೆ ಮೊಣಕಾಲಿನ ಬಾಯಿಂದಲೇ ಸಾಕ್ಷಿ ಹೇಳಿಸಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದಾರಿಯೊಂದು ಹೊಳೆಯಿತು.

ಭಾನುವಾರ ಬೆಳಿಗ್ಗೆ ಅಕ್ಕ ಸಮವಸ್ತ್ರದ ಗಂಟು ತಲುಪಿಸಲು ಹೋದಳು. ಭೂತಗನ್ನಡಿ ಬಾಗಿಲಿಗೆ ಚಿಲಕ ಹಾಕಿ, ಕತ್ತರಿಸುವ ಮೇಜಿನ ಮೇಲೆ ಹಾಳೆ ಹಾಸಿ, ಸೀಸೆಯನ್ನು ಬೋರಲು ಹಾಕಿದಳು. ಇಪ್ಪತ್ತೊಂಬತ್ತು ಕ್ಯಾಪ್ಸೂಲ್ ಉಳಿದಿದ್ದವು. ಒಂದೊಂದನ್ನೇ ಎರಡು ಬೆರಳಲ್ಲಿ ತಿರುಚಿ ಬಿಚ್ಚಿ, ಒಳಗಿನ ಕಂದು ಪುಡಿಯನ್ನು ಕಾಗದದ ಪೊಟ್ಟಣಕ್ಕೆ ಸುರಿದು, ಖಾಲಿ ಟೊಪ್ಪಿಗೆಗೆ ಗೋಧಿ ಹಿಟ್ಟು ತುಂಬಿ ಮತ್ತೆ ಮುಚ್ಚಿದಳು. ಒಂದಕ್ಕೂ ಬಿರುಕು ಬೀಳಲಿಲ್ಲ, ಮೇಜಿನ ಮೇಲೆ ಒಂದು ಕಣವೂ ಉಳಿಯಲಿಲ್ಲ. ನೋವು ಮರಳಿದರೆ ಸೀಸೆಯಲ್ಲಿ ಗಿಡಮೂಲಿಕೆಗಿಂತ ಹೆಚ್ಚಿನದೇನೋ ಇತ್ತೆಂದು ಸಾಬೀತು. ಮರಳದಿದ್ದರೆ ಎಲ್ಲ ಮನಸ್ಸಿನ ಆಟ, ತಾನು ಬಾಯಿ ಮುಚ್ಚಿಕೊಳ್ಳುವುದು. ಎರಡರಲ್ಲಿ ಯಾವುದಾದರೂ ಅಕ್ಕನಿಗೆ ಕೇಡಿಲ್ಲ ಎಂದು ಲೆಕ್ಕ ಹಾಕಿದಳು. ಹಿಟ್ಟು ತಿಂದು ಯಾರು ಸತ್ತಿದ್ದಾರೆ?

ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಅಕ್ಕ ಕಂಬಿ ಹಿಡಿದಳು. ಭೂತಗನ್ನಡಿ ಒಳಗೊಳಗೇ ಗೆದ್ದಳು, ಇನ್ನೆರಡು ದಿನ ನೋಡಿ ಹೇಳೋಣ ಎಂದುಕೊಂಡಳು. ಆ ಎರಡು ದಿನದ ಆಸೆಗಾಗಿ ಅವಳು ಆಮೇಲೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ. ಬುಧವಾರ ಅಕ್ಕ ತಟ್ಟೆ ಹಾಗೇ ಬಿಟ್ಟೆದ್ದಳು, ಮೈಯೆಲ್ಲ ಜಜ್ಜಿದ ಹಾಗಿದೆ ಎಂದಳು. ಸುಸ್ತು ತಡೆಯದೆ ದಿನಕ್ಕೆ ಎರಡಿದ್ದದ್ದನ್ನು ಮೂರು ಮಾಡಿಕೊಂಡು ನುಂಗಿದಳು, ಮೂರೂ ಹಿಟ್ಟೇ. ಗುರುವಾರ ಎರಡು ಸಲ ವಾಂತಿ. ಹೊಟ್ಟೆ ಕೆಟ್ಟಿದೆ, ಕೆಲಸಕ್ಕೆ ಹೋಗು, ಮಲಗಿರುತ್ತೇನೆ ಎಂದಳು. ಭೂತಗನ್ನಡಿ ಹೋದಳು. ಗಾಜಿನ ಮೇಜಿನ ಮುಂದೆ ಕೂತರೆ ಅಕ್ಷರ ನಿಲ್ಲುತ್ತಿರಲಿಲ್ಲ. ಹತ್ತೂವರೆಗೆ ಎದ್ದು ಮನೆಗೆ ಬಂದಳು.

ಅಕ್ಕ ಯಂತ್ರದ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ಕಣ್ಣು ಅರ್ಧ ತೆರೆದಿತ್ತು, ಮೈ ತಣ್ಣಗೆ ಬೆವೆತಿತ್ತು. ಕರೆದರೆ ನಾಲಿಗೆ ತೊದಲಿತು, ತಂಗಿಯನ್ನು ಅಮ್ಮಾ ಎಂದು ಕರೆದಳು.

ಆಸ್ಪತ್ರೆಯಲ್ಲಿ ರಕ್ತದ ಒತ್ತಡ ನೋಡಿದ ದಾದಿ ಇನ್ನೊಮ್ಮೆ ನೋಡಿ, ಓಡಿದಳು. ಒತ್ತಡ ಪಾತಾಳಕ್ಕಿಳಿದಿತ್ತು, ಸಕ್ಕರೆಯೂ ಹಾಗೇ. ಡಾಕ್ಟರು ಕುಳ್ಳನೆಯ ಹೆಂಗಸು, ಕೈ ಚುರುಕು, ಮಾತು ಕಡಿಮೆ. ಅಕ್ಕನ ದುಂಡು ಮುಖ ನೋಡಿದರು, ಮುಂಗೈಯ ನೇರಳೆ ಕಲೆಗಳನ್ನು ನೋಡಿದರು, ಹೊಟ್ಟೆಯ ಮೇಲಿನ ಕೆಂಪು ಗೆರೆಗಳನ್ನು ನೋಡಿದರು. ಆಮೇಲೆ ಭೂತಗನ್ನಡಿಯ ಕಡೆ ತಿರುಗಿ, ಇವರು ತುಂಬಾ ದಿನದಿಂದ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರಾ ಎಂದು ಕೇಳಿದರು. ಔಷಧಿ ಅಂತ ಇಲ್ಲ, ಗಿಡಮೂಲಿಕೆಯ ಪೂರಕ, ಐದು ತಿಂಗಳಿಂದ ಎಂದಳು.

“ಈಚೆಗೆ ನಿಲ್ಲಿಸಿದ್ರಾ?”

ಇಲ್ಲ ಎಂದರೂ ಸುಳ್ಳಲ್ಲ, ಅಕ್ಕ ಇವತ್ತು ಬೆಳಿಗ್ಗೆಯೂ ನುಂಗಿದ್ದಳು. ಸ್ಟ್ರೆಚರಿನ ಮೇಲೆ ಅಕ್ಕನ ಕಾಲಬೆರಳು ನೀಲಿಗಟ್ಟಿದ್ದು ಕಾಣುತ್ತಿತ್ತು.

“ನಾನು ನಿಲ್ಲಿಸಿದೆ. ಅವಳಿಗೆ ಗೊತ್ತಿಲ್ಲ. ಒಳಗಿನ ಪುಡಿ ತೆಗೆದು ಗೋಧಿ ಹಿಟ್ಟು ತುಂಬಿಟ್ಟಿದ್ದೆ. ಭಾನುವಾರದಿಂದ ಅದನ್ನೇ ತಿಂತಾ ಇದ್ದಾಳೆ.”

ಡಾಕ್ಟರು ಒಂದು ಕ್ಷಣ ಅವಳನ್ನು ದಿಟ್ಟಿಸಿದರು, ಅಷ್ಟೇ. ಬೈಯಲು ಸಮಯ ವ್ಯರ್ಥ ಮಾಡಲಿಲ್ಲ. ದಾದಿಗೆ ಒಂದು ಇಂಜೆಕ್ಷನ್ನಿನ ಹೆಸರು ಹೇಳಿ, ಪರದೆ ಎಳೆದರು.

ಮಧ್ಯಾಹ್ನ ಮೂರರ ಹೊತ್ತಿಗೆ ಅಕ್ಕ ನೀರು ಕೇಳಿದಳು. ಡಾಕ್ಟರು ಭೂತಗನ್ನಡಿಯನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ವಿವರಿಸಿದರು. ಆ ಪುಡಿಯಲ್ಲಿ ಸ್ಟಿರಾಯ್ಡು ಬೆರೆಸಿರಬೇಕು, ಅದಕ್ಕೇ ಮೂರು ದಿನಕ್ಕೆ ನೋವು ಇಳಿದದ್ದು, ಅದಕ್ಕೇ ಮುಖ ಊದಿದ್ದು, ಚರ್ಮ ತೆಳುವಾದದ್ದು. ಮೂತ್ರಪಿಂಡದ ತಲೆಯ ಮೇಲೆ ಒಂದು ಪುಟ್ಟ ಗ್ರಂಥಿ ಕೂತಿರುತ್ತದೆ, ಜೀವ ಹಿಡಿದಿಡುವ ರಸ ಮಾಡುವುದು ಅದರ ಕೆಲಸ. ಅಂಥದ್ದೇ ವಸ್ತು ತಿಂಗಳುಗಟ್ಟಲೆ ಹೊರಗಿನಿಂದ ಬಂದರೆ, ಇನ್ನು ತನಗೇನು ಕೆಲಸ ಎಂದು ಅದು ಮಲಗಿಬಿಡುತ್ತದೆ. ಹೊರಗಿನದನ್ನು ಒಮ್ಮೆಲೇ ಕಿತ್ತುಕೊಂಡರೆ ಒಳಗೂ ಇಲ್ಲ, ಹೊರಗೂ ಇಲ್ಲ. ಇನ್ನೆರಡು ಗಂಟೆ ತಡವಾಗಿದ್ದರೆ ತಾನು ಬೇರೆ ಮಾತು ಹೇಳಬೇಕಾಗುತ್ತಿತ್ತು ಎಂದರು.

“ನಿಮ್ಮ ಅನುಮಾನ ಸರಿ ಇತ್ತು. ನೀವು ಮಾಡಿದ್ದು ತಪ್ಪು. ಎರಡನ್ನೂ ಒಟ್ಟಿಗೇ ನೆನಪಿಟ್ಕೊಳ್ಳಿ.”

ಭೂತಗನ್ನಡಿ ತಲೆಯಾಡಿಸಿದಳು. ಅಕ್ಕ ನುಂಗುವುದಕ್ಕೆ ಯಾರೋ ಕಳ್ಳತನದಿಂದ ಏನೋ ಬೆರೆಸುತ್ತಿದ್ದಾರೆಂದು ಊರೆಲ್ಲ ಹುಡುಕಿದವಳು ತಾನು, ಅದೇ ಕಳ್ಳತನವನ್ನು ಅಕ್ಕನ ಮೇಜಿನ ಮೇಲೇ ಮಾಡಿದವಳೂ ತಾನು. ಕೈಚೀಲದಲ್ಲಿದ್ದ ಕಂದು ಪುಡಿಯ ಪೊಟ್ಟಣವನ್ನು ಡಾಕ್ಟರಿಗೆ ಒಪ್ಪಿಸಿದಳು.

ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಹೋದಳು. ದಾರಿಯುದ್ದಕ್ಕೂ ಬಾಯಲ್ಲಿ ಬೈಗುಳ ಸಾಣೆ ಹಿಡಿದುಕೊಂಡಿದ್ದಳು. ಮೇಷ್ಟ್ರು ಬಾಗಿಲು ತೆಗೆದರು. ಗೋಡೆಯ ತುಂಬ ಶಾಲೆಯ ತಂಡಗಳ ಫೋಟೋ, ಮೂಲೆಯಲ್ಲಿ ಹಸಿರು ಸೀಸೆಗಳ ಒಡೆಯದ ಒಂದು ರಟ್ಟಿನ ಪೆಟ್ಟಿಗೆ. ವಿಷಯ ಕೇಳಿ ಮೊದಲು, ಸಾಧ್ಯವೇ ಇಲ್ಲ ಎಂದರು. ಇದರಿಂದ ಎದ್ದು ಓಡಾಡಿದವರ ಹೆಸರು ಹೇಳತೊಡಗಿದರು: ಅಂಚೆಯವನ ಅತ್ತೆ, ಗ್ರಂಥಪಾಲಕರು, ತಮ್ಮ ಸ್ವಂತ ತಮ್ಮ. ಹೇಳುತ್ತ ಹೇಳುತ್ತ ದನಿ ಇಳಿಯಿತು. ಅಂಚೆಯವನ ಅತ್ತೆಗೆ ಈಗ ಸಕ್ಕರೆ ಕಾಯಿಲೆ. ತಮ್ಮನಿಗೆ ಸುಮ್ಮನೆ ಎಡವಿದ್ದಕ್ಕೇ ಪಕ್ಕೆಲುಬು ಮುರಿದಿತ್ತು. ಮೇಷ್ಟ್ರು ತಮ್ಮ ಮುಂಗೈಯ ಕಲೆಗಳನ್ನು ತಾವೇ ಮೊದಲ ಸಲ ನೋಡುವವರಂತೆ ನೋಡಿಕೊಂಡರು. ಅವಳ ಬಾಯಲ್ಲಿ ಸಿದ್ಧವಿದ್ದ ಬೈಗುಳದ ಅಳತೆಗೆ ಈ ಮನುಷ್ಯ ಹೊಂದಲಿಲ್ಲ. ಮೋಸ ಮಾಡಿದವನಲ್ಲ, ಎಲ್ಲರಿಗಿಂತ ಹೆಚ್ಚು ಮೋಸ ಹೋದವನು.

ಅವರು ಎದ್ದು ಕಪಾಟಿನಿಂದ ತಮ್ಮ ಸೀಸೆ ತೆಗೆದು ಚರಂಡಿಗೆ ಸುರಿಯಲು ಹೊರಟರು. ಭೂತಗನ್ನಡಿ ಅಡ್ಡ ನಿಂತಳು. ತನ್ನ ಬಾಯಿಂದ ಇಂಥ ಮಾತು ಬರುವುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

“ನಿಲ್ಲಿಸಬೇಡಿ. ಇವತ್ತಿನದು ತಗೊಳ್ಳಿ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ. ನಿಮ್ಮಿಂದ ತಗೊಂಡವರಿಗೆಲ್ಲ ಇದೇ ಹೇಳಬೇಕು. ತಾವಾಗೇ ಬಿಡಬಾರದು, ಮೊದಲು ಆಸ್ಪತ್ರೆಗೆ ಹೋಗಬೇಕು ಅಂತ.”

ಮುಂದಿನ ನಾಲ್ಕು ದಿನ ಮೇಷ್ಟ್ರು ಮನೆ ಮನೆ ತಿರುಗಿದರು. ಇಪ್ಪತ್ತಾರು ಮನೆ. ಕೆಲವರು ಕೂರಿಸಿ ಕೇಳಿದರು, ಕೆಲವರು ಅವರ ಮುಖಕ್ಕೇ ಬಾಗಿಲು ಹಾಕಿದರು. ಒಬ್ಬಾಕೆ ಮಾತ್ರ, ಏನಾದರೂ ಇರಲಿ, ಇನ್ನೊಂದು ಸೀಸೆ ಇದ್ದರೆ ಕೊಡಿ ಎಂದಳಂತೆ. ಎರಡು ವರ್ಷದಲ್ಲಿ ಅವಳ ಸೊಸೆಯೂ ಅಷ್ಟು ಆಸರೆ ಕೊಟ್ಟಿರಲಿಲ್ಲವಂತೆ. ಅದನ್ನು ಹೇಳುವಾಗ ಮೇಷ್ಟ್ರ ಕಣ್ಣು ತುಂಬಿತ್ತು.

ಆಹಾರ ಸುರಕ್ಷತೆಯ ಕಚೇರಿಗೆ ಒಡೆಯದ ಪೆಟ್ಟಿಗೆ ಹೊತ್ತುಕೊಂಡು ಹೋದವರು ಅವರಿಬ್ಬರೇ. ತಪಾಸಣಾಧಿಕಾರಿ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದ ಮನುಷ್ಯ. ಡಾಕ್ಟರಿಗೆ ಕೊಟ್ಟ ಪೊಟ್ಟಣದ ಪುಡಿ ತನಗೆ ಸಾಕ್ಷಿಯಲ್ಲ, ನೀವೇ ಬೆರೆಸಿದ್ದೀರಿ ಎಂದು ಅವರು ಹೇಳಬಹುದು, ಮುಚ್ಚಿದ ಸೀಸೆ ತಂದದ್ದು ಒಳ್ಳೆಯದಾಯಿತು ಎಂದ. ನೀವೇ ಬೆರೆಸಿದ್ದೀರಿ ಎಂಬ ಮಾತಿಗೆ ಭೂತಗನ್ನಡಿಯ ಕಿವಿ ಬಿಸಿಯಾಯಿತು. ಇಂಥದ್ದು ಅಂಗಡಿಗೆ ಬರುವ ಮೊದಲು ಯಾರೂ ಪರೀಕ್ಷೆ ಮಾಡುವುದಿಲ್ಲವೇ ಎಂದು ಕೇಳಿದಳು.

“ಔಷಧಿಯಾದ್ರೆ ಮೊದಲು ಪರೀಕ್ಷೆ, ಆಮೇಲೆ ಮಾರಾಟ. ಇದು ಆಹಾರದ ಪಟ್ಟಿಯಲ್ಲಿ ಬರತ್ತೆ. ಮೊದಲು ಮಾರಾಟ, ಆಮೇಲೆ ಯಾರಾದ್ರೂ ಬೀಳ್ತಾರೆ, ಆಮೇಲೆ ದೂರು, ಆಮೇಲೆ ನಾವು.” ಅವನು ಕಪಾಟಿನ ಕಡೆ ಕೈ ತೋರಿಸಿದ. ಪರೀಕ್ಷೆಗೆ ಕಾದಿದ್ದ ಸೀಸೆಗಳು ಅಲ್ಲಿ ಮೂರು ಸಾಲಿನಲ್ಲಿ ನಿಂತಿದ್ದವು. “ಈ ಜಿಲ್ಲೆಗೆಲ್ಲ ನಾವು ಇಬ್ಬರು.”

ಅವಳಿಗೆ ಅವನ ಮೇಲೂ ಅನುಮಾನ ಬಂತು, ಕಡತ ಮೂಲೆಗೆ ಬೀಳುತ್ತದೆ ಎಂದುಕೊಂಡಳು. ಆದರೆ ಏಳು ವಾರಕ್ಕೆ ವರದಿ ಬಂತು. ಸ್ಟಿರಾಯ್ಡು, ಜೊತೆಗೆ ಒಂದು ನೋವಿನ ಔಷಧಿ, ಎರಡೂ ಲೇಬಲ್ಲಿನಲ್ಲಿ ಇಲ್ಲ. ಗಿಡಮೂಲಿಕೆ ಎಂದು ಇದ್ದದ್ದು ಬಣ್ಣಕ್ಕೆ ಬೇಕಾದಷ್ಟು ಎಲೆಪುಡಿ. ಪರವಾನಗಿ ಸಂಖ್ಯೆ ಶರಬತ್ತಿನವರದೇ, ಅವರಿಗೆ ಇದರ ಗಾಳಿಯೂ ಗೊತ್ತಿರಲಿಲ್ಲ. ಈ ಕ್ಯಾಪ್ಸೂಲು ಮಾರಬಾರದೆಂದು ಕಚೇರಿ ಪ್ರಕಟಣೆ ಹೊರಡಿಸಿತು. ಏಜೆಂಟಿನ ಫೋನು ಅಷ್ಟರಲ್ಲಿ ಸತ್ತಿತ್ತು, ತಯಾರಿಸಿದವರು ಯಾರೆಂದು ಇವತ್ತಿಗೂ ಸಿಕ್ಕಿಲ್ಲ. ತಪಾಸಣಾಧಿಕಾರಿ ಅಚ್ಚುಮನೆಗೂ ಬಂದು ಕಡತ ಕೊಂಡೊಯ್ದ. ಅವತ್ತು ಮಧ್ಯಾಹ್ನ ಮಾಲೀಕರು ಅವಳ ಮೇಜಿನ ಬಳಿ ಬಂದು, ಇನ್ನು ಮುಂದೆ ಪರವಾನಗಿ ಪತ್ರದ ಪ್ರತಿ ನೋಡದೆ ನುಂಗುವ ಯಾವ ವಸ್ತುವಿನ ಲೇಬಲ್ಲಿಗೂ ಸಹಿ ಹಾಕಬೇಡ ಎಂದರು. ತಾನು ಆಗಲೇ ಹಾಗೆ ನಿರ್ಧರಿಸಿ ಎರಡು ಕರಡು ಹಿಂದಕ್ಕೆ ಕಳಿಸಿದ್ದೇನೆ ಎಂದು ಅವಳು ಹೇಳಲಿಲ್ಲ.

ಅಕ್ಕನಿಗೆ ನಿಜ ಹೇಳಿದ್ದು ಆಸ್ಪತ್ರೆಯ ಮೂರನೆಯ ದಿನ. ಡಾಕ್ಟರ ಬಾಯಿಂದ ಕೇಳುವ ಮೊದಲು ತನ್ನ ಬಾಯಿಂದ ಕೇಳಲಿ ಎಂದು ಮಂಚದ ಪಕ್ಕ ನಿಂತು ಎಲ್ಲವನ್ನೂ ಒಪ್ಪಿಸಿದಳು, ಹಿಟ್ಟನ್ನು ಯಾವ ಚಮಚದಲ್ಲಿ ತುಂಬಿದೆ ಎಂಬುದನ್ನೂ ಬಿಡಲಿಲ್ಲ. ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದಳು.

“ನನಗೆ ಒಂದು ಮಾತು ಹೇಳಬೇಕಿತ್ತು,” ಎಂದಳು.

“ಹೇಳಿದ್ದೆ ಅಕ್ಕ.”

“ಹೇಳಿದ್ದೆ. ನಾನು ಕೇಳಲಿಲ್ಲ. ಅಷ್ಟಕ್ಕೆ ನನ್ನ ಬಾಯಿಗೆ ಏನು ಹೋಗಬೇಕು ಅನ್ನೋದು ನಿನ್ನ ತೀರ್ಮಾನ ಆಗಿಬಿಡಲ್ಲ.”

ಆಮೇಲೆ ಗೋಡೆ ಕಡೆ ಹೊರಳಿ ಮಲಗಿದಳು.

ಮನೆಗೆ ಬಂದ ಮೇಲೆ ಅಕ್ಕ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೇಳದಿದ್ದರೆ ಇಲ್ಲ. ತಂಗಿ ಮಾಡಿದ ಗಂಜಿಯನ್ನು ಚಮಚದಲ್ಲಿ ಕಲಕಿ, ಒಂದು ಗಳಿಗೆ ನೋಡಿ, ಆಮೇಲೆ ಬಾಯಿಗಿಡುತ್ತಿದ್ದಳು. ತಾನು ಜಗತ್ತನ್ನೆಲ್ಲ ನೋಡುತ್ತಿದ್ದ ನೋಟ ತನ್ನ ಮೇಲೆ ಬಿದ್ದಾಗ ಹೇಗಿರುತ್ತದೆ ಎಂದು ಭೂತಗನ್ನಡಿಗೆ ಈಗ ತಿಳಿಯಿತು. ಅದಕ್ಕೆ ಬೇಸರಿಸುವ ಹಕ್ಕು ತನಗಿಲ್ಲ ಎಂದೂ ಗೊತ್ತಿತ್ತು.

ಸ್ಟಿರಾಯ್ಡನ್ನು ವಾರ ವಾರ ಸ್ವಲ್ಪ ಸ್ವಲ್ಪ ಇಳಿಸುತ್ತ ಹೋಗಬೇಕಿತ್ತು, ಈ ಸಲ ಡಾಕ್ಟರ ಅಳತೆಯಲ್ಲಿ. ಎಂಟು ತಿಂಗಳು ಹಿಡಿಯಿತು. ಮುಖ ಇಳಿಯಿತು, ಕಲೆಗಳು ಮಾಸಿದವು, ನೋವು ಮರಳಿತು. ಮರಳಿದ ನೋವಿಗೆ ಹೆಸರು ಸಿಕ್ಕಿತು, ಸರಿಯಾದ ಚಿಕಿತ್ಸೆಯೂ ಸಿಕ್ಕಿತು. ಅಕ್ಕ ಪೆಡಲಿನ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಳು. ಡಾಕ್ಟರು ಹೇಳಿಕೊಟ್ಟ ವ್ಯಾಯಾಮಕ್ಕೆ ಮೇಷ್ಟ್ರು ಬೆಳಿಗ್ಗೆ ಏಳಕ್ಕೆ ಬಂದು ಅಂಗಳದಲ್ಲಿ ನಿಂತು ಎಣಿಕೆ ಹೇಳತೊಡಗಿದರು. ಅವರದೂ ಇಳಿಕೆಯ ದಾರಿಯೇ, ಇಬ್ಬರೂ ಒಟ್ಟಿಗೆ ನರಳಿಕೊಂಡು ಮೊಣಕಾಲು ಮಡಚುತ್ತಿದ್ದರು. ಭೂತಗನ್ನಡಿ ಒಳಗಿನಿಂದ ಆ ಎಣಿಕೆ ಕೇಳುತ್ತ ಚಹಾ ಕಾಯಿಸುತ್ತಿದ್ದಳು. ಅವರು ಬರುವುದು ಮೊಣಕಾಲಿಗಾಗಿ ಮಾತ್ರವೇ ಅಲ್ಲ ಎಂದು ಈಗಲೂ ಅವಳಿಗೆ ಅನಿಸುತ್ತಿತ್ತು. ಬರಲಿ ಬಿಡು ಎಂದುಕೊಳ್ಳುತ್ತಿದ್ದಳು.

ಒಮ್ಮೆ ರಕ್ತಪರೀಕ್ಷೆಯಲ್ಲಿ ಅಕ್ಕನಿಗೆ ಡಿ ವಿಟಮಿನ್ ತೀರಾ ಕಡಿಮೆ ಇರುವುದು ಕಂಡಿತು. ಡಾಕ್ಟರು ಪೂರಕ ಬರೆದುಕೊಟ್ಟಾಗ ಭೂತಗನ್ನಡಿಯ ಮುಖ ಗಂಟಾಯಿತು, ಇದೂ ಅದೇ ಜಾತಿಯಲ್ಲವೇ ಎಂದು ಕೇಳಿಯೇಬಿಟ್ಟಳು. ಡಾಕ್ಟರು ಸಮಾಧಾನದಿಂದ ಹೇಳಿದರು: ಕಡಿಮೆ ಇದೆ ಎಂದು ಅಳೆದು ನೋಡಿ ಕೊಡುತ್ತಿದ್ದೇವೆ, ಎಷ್ಟು, ಎಷ್ಟು ವಾರ ಎಂದು ಬರೆದಿದ್ದೇವೆ, ಮೂರು ತಿಂಗಳಿಗೆ ಮತ್ತೆ ಅಳೆಯುತ್ತೇವೆ. ಕಡಿಮೆ ಇಲ್ಲದವರು ಬಲ ಬರಲಿ ಎಂದು ಹಿಡಿ ಹಿಡಿ ನುಂಗಿದರೆ ಇದೂ ಮೂತ್ರಪಿಂಡ ತಿನ್ನುತ್ತದೆ. ಅತಿಯಾದರೆ ಅಮೃತವೂ ವಿಷ ಅಂತ ನಿಮ್ಮ ಅಜ್ಜಿ ಹೇಳಿರಬೇಕಲ್ಲ ಎಂದರು. ಅಜ್ಜಿ ಹೇಳಿದ್ದು ನಿಜ.

ಔಷಧಿಗಳನ್ನೆಲ್ಲ ಅಕ್ಕ ಕತ್ತರಿಸುವ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕುತ್ತಿದ್ದಳು, ಬೀಗದಕೈ ಅವಳ ಸೊಂಟದಲ್ಲಿ. ನೀರನ್ನೂ ತಾನೇ ಹಿಡಿದುಕೊಂಡು ಬರುತ್ತಿದ್ದಳು. ಭೂತಗನ್ನಡಿ ಆ ಖಾನೆಯ ಹತ್ತಿರ ಒಮ್ಮೆಯೂ ಸುಳಿಯಲಿಲ್ಲ.

ಚಿಕಿತ್ಸೆಯ ಹತ್ತನೆಯ ತಿಂಗಳು ಡಾಕ್ಟರು ಕೀಲುಗಳಿಗೆ ಒಂದು ಹೊಸ ಮಾತ್ರೆ ಬರೆದರು. ಆ ಭಾನುವಾರ ಬೆಳಿಗ್ಗೆ ಅಕ್ಕ ಅದರ ಪೆಟ್ಟಿಗೆಯೊಳಗಿನ ಮಡಚಿದ ಕಾಗದವನ್ನು ಬಿಡಿಸಿ ಕಿಟಕಿಗೆ ಹಿಡಿದಳು, ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. ಕೊನೆಗೆ ಒಳಕೋಣೆಯ ಬಾಗಿಲಿಗೆ ಬಂದು ಕಾಗದವನ್ನು ತಂಗಿಯ ಕಡೆ ಚಾಚಿದಳು.

“ಅಕ್ಷರ ಸಣ್ಣ. ಓದು. ಏನನ್ನೂ ಬಿಡಬೇಡ.”

ಭೂತಗನ್ನಡಿ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಅಕ್ಕ ಕುರ್ಚಿ ಎಳೆದು ಎದುರಿಗೆ ಕೂತಳು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು, ಎಷ್ಟು, ಯಾವಾಗ, ಏನೇನು ಕೆಡುಕಾಗಬಹುದು, ಸಾವಿರಕ್ಕೆ ಒಬ್ಬರಿಗೆ ಆಗುವುದು, ಹತ್ತು ಸಾವಿರಕ್ಕೆ ಒಬ್ಬರಿಗೆ ಆಗುವುದು, ಎಲ್ಲವನ್ನೂ ಒಂದಕ್ಷರ ನುಂಗದೆ ಓದಿದಳು. ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಅಕ್ಕ ನಡುವೆ ಎರಡು ಕಡೆ ತಡೆದು ಮತ್ತೊಮ್ಮೆ ಓದಿಸಿದಳು. ಮುಗಿದ ಮೇಲೆ ಕಾಗದವನ್ನು ಕೈಗೆ ತೆಗೆದುಕೊಂಡು ಮಡಚಿ, ಈ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದಳು. ಆಮೇಲೆ, ಒಂದು ಲೋಟ ನೀರು ಕೊಡು ಎಂದಳು.